ಹರಿಯಬೇಕಿದ್ದ ಹೆಸರು

ಆಗ ನನಗೆ ಅರವತ್ಮೂರು ವರ್ಷ. ಅದಾಗಿ ಆರು ವರ್ಷವಾಯಿತು. ಆ ಚಳಿಗಾಲದ ಮಾತನ್ನು ನಾನಾಗಿ ಯಾವತ್ತೂ ಎತ್ತಿದವಳಲ್ಲ. ಮಗಳು ಎತ್ತಿದರೆ, ಒಲೆಯ ಮೇಲೆ ಏನೋ ಇದೆ ಎಂದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಈಗ ನಾವಿರುವುದು ಅಬುಧಾಬಿಯಲ್ಲಿ, ಅಲ್ ರೀಮ್ ಐಲ್ಯಾಂಡಿನ ಒಂದು ಎತ್ತರದ ಕಟ್ಟಡದಲ್ಲಿ. ಹೋದ ವಾರ ಮಗಳಿಗೆ ಒಂದು ಕಪಾಟು ಬೇಕಾಗಿ ದುಬೈಗೆ ಹೋಗಿದ್ದೆವು. ಅಲ್ ಕೂಜಿನ ಗೋದಾಮುಗಳಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಗೋದಾಮುಗಳ ಸಂದಿಯಲ್ಲಿ ಕಾರು ಸುತ್ತುತ್ತಿದ್ದಾಗ ಕಿಟಕಿಯಿಂದ ಒಂದು ನಾತ ಬಂತು. ರಸ್ತೆಯ ನಡುವಿನ ಹುಲ್ಲಿಗೆ ನೀರು ಬಿಟ್ಟಿದ್ದರು. ಇಲ್ಲಿ ಹುಲ್ಲಿಗೆ ಹಾಕುವುದು ಚರಂಡಿಯ ನೀರು, ಸೋಸಿದ್ದು. ಎಷ್ಟು ಸೋಸಿದರೂ ಸಂಜೆಯಾದರೆ ಸ್ವಲ್ಪ ನಾತ ಏಳುತ್ತದೆ. ಆ ನಾತ ಮೂಗಿಗೆ ಬಿದ್ದದ್ದೇ ನಾನು ಕಿಟಕಿಯ ಗಾಜು ಏರಿಸಿದೆ.

"ಅಮ್ಮ, ಇಲ್ಲೇ ಅಲ್ದಾ?" ಎಂದಳು ಸುಜಾತ.

"ಎಂತ ಇಲ್ಲೇ?" ಗೊತ್ತಿದ್ದೂ ಕೇಳಿದೆ.

"ನಮ್ ಗ್ರೌಂಡ್."

ಗ್ರೌಂಡ್ ಎಲ್ಲಿಂದ ಬರಬೇಕು? ಟೈರಿನ ಗೋದಾಮು ಇತ್ತು. ಅವಳು ಕಾರು ನಿಧಾನ ಮಾಡಿದಳು. ನಾನು ಹೋಗು ಹೋಗು ಎಂದೆ.

ನನ್ನ ಊರು ಗಂಗೊಳ್ಳಿ. ನಮ್ಮದು ಮೀನುಗಾರರ ಮನೆ. ಹರಿದ ಬಲೆ ಜಗಲಿಗೆ ಬರುತ್ತಿತ್ತು, ಅದನ್ನು ಕಟ್ಟಿ ಕೊಡುವುದು ನನ್ನ ಕೆಲಸ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಸುಜಾತ ನನ್ನನ್ನು ದುಬೈಗೆ ಕರೆಸಿಕೊಂಡಳು. ಹಡಗಿನ ಸಾಮಾನು ಕಳಿಸುವ ಕಂಪನಿಯಲ್ಲಿ ಅವಳಿಗೆ ಕೆಲಸ. ಊದ್ ಮೇಥಾದಲ್ಲಿ ಒಂದು ಕೋಣೆಯ ಫ್ಲ್ಯಾಟು. ಮದುವೆ ಬೇಡ ಎಂದು ಮೊದಲೇ ಹೇಳಿದ್ದಳು. ನಾನು ಅತ್ತು ಕರೆದು ಸಾಕಾಗಿ ಬಿಟ್ಟಿದ್ದೆ.

ನಾನು ಬಂದು ಕೆಲವು ದಿನಕ್ಕೆ, ಒಂದು ಶುಕ್ರವಾರ, ಆಗೆಲ್ಲ ಇಲ್ಲಿ ಶುಕ್ರವಾರ ರಜೆ, ಅವಳು ಚೀಲ ಕಟ್ಟಿಕೊಂಡು ನಿಂತಳು.

"ಅಮ್ಮ, ಬತ್ತ್ಯಾ? ಮ್ಯಾಚ್ ಇತ್ತ್."

"ಯಾರ್ದ್?"

"ನಂದೇ."

"ಮೂವತ್ನಾಲ್ಕ್ ವರ್ಷ ಆಯ್ತ್ ನಿಂಗ್. ಎಂತ ಮ್ಯಾಚ್ ಹೆಣೆ?"

"ಬಂದ್ ಕಾಣ್."

ಕಂಡೆ. ಆಸ್ಟ್ರೇಲಿಯಾದವರ ಫುಟ್‌ಬಾಲ್ ಅದು. ನಾವು ತಿಳಿದ ಫುಟ್‌ಬಾಲ್ ಅಲ್ಲ. ಚೆಂಡು ಉರುಟಾಗಿಲ್ಲ, ನಮ್ಮ ಊರಿನ ಸಾಂಬಾರು ಸೌತೆಕಾಯಿಯ ಹಾಗೆ ಉದ್ದಕ್ಕಿದೆ. ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಹಿಡಿಯಬಹುದು, ಹಿಡಿದವಳನ್ನು ಅಪ್ಪಿ ನೆಲಕ್ಕೆ ಕೆಡವಬಹುದು. ಮೈದಾನದ ಎರಡು ತುದಿಗೂ ನಾಲ್ಕು ನಾಲ್ಕು ಕಂಬ, ನಡುವಿನ ಎರಡು ಎತ್ತರ, ಬದಿಯ ಎರಡು ಗಿಡ್ಡ. ಆಡುವವರಲ್ಲಿ ಹೆಚ್ಚಿನವರು ಆಸ್ಟ್ರೇಲಿಯಾದ ಹೆಂಗಸರು. ಅವರ ನಡುವೆ ತೋಳಿಲ್ಲದ ನೀಲಿ ಅಂಗಿ, ಗೇಣುದ್ದದ ಚಡ್ಡಿ ಹಾಕಿಕೊಂಡು ನನ್ನ ಮಗಳು. ಆಟ ಸುರುವಾಗಿ ಇನ್ನೂ ಉಸಿರು ಬಿಟ್ಟಿಲ್ಲ, ಮೂವರು ಹೆಂಗಸರು ಅವಳ ಮೇಲೆ ಬಿದ್ದರು. ನಾಲ್ಕು ಜನರ ತೊಡೆ ಒಂದರ ಮೇಲೊಂದು. ನಾನು ಸೆರಗು ತಲೆಗೆ ಹಾಕಿ, ಕುರ್ಚಿ ತಿರುಗಿಸಿ, ಮೈದಾನಕ್ಕೆ ಬೆನ್ನು ಕೊಟ್ಟು ಕೂತೆ. ಎದುರಿಗೆ ಕಾರು ನಿಲ್ಲಿಸುವ ಜಾಗ. ಆವತ್ತು ಪೂರಾ ಕಾರು ನೋಡಿದೆ.

ಊರಿನಿಂದ ನನ್ನ ತಮ್ಮ ಫೋನು ಮಾಡಿ ಶುಕ್ರವಾರ ಎಲ್ಲಿಗೆ ಹೋದದ್ದು ಎಂದು ಕೇಳಿದ. ಭಜನೆಗೆ ಎಂದೆ.

ಆದರೆ ಬೆನ್ನು ಕೊಟ್ಟು ಕೂತರೂ ಕಿವಿ ಮುಚ್ಚುವುದಿಲ್ಲ. ಎರಡನೇ ಸಲ ಹೋದಾಗ ಜನ ಹೋ ಎಂದು ಕೂಗಿದ್ದು ಕೇಳಿ ಅರ್ಧ ತಿರುಗಿದೆ. ಮೂರನೇ ಸಲ ಪೂರಾ ತಿರುಗಿ ಕೂತೆ. ಪಕ್ಕದ ಕುರ್ಚಿಯಲ್ಲಿ ಯಾವಾಗಲೂ ಒಬ್ಬ ಮುದುಕ ಇರುತ್ತಿದ್ದ. ಟ್ರೇಸಿ ಎಂಬವಳ ಅಪ್ಪ. ಟ್ರೇಸಿ ಎಂದರೆ ಸುಜಾತಳ ಆಫೀಸಿನವಳು, ಅವಳೇ ನನ್ನ ಮಗಳನ್ನು ಈ ಆಟಕ್ಕೆ ಎಳೆದದ್ದು, ತಂಡದ ಕ್ಯಾಪ್ಟನ್ ಕೂಡ. ಮುದುಕನಿಗೆ ಕನ್ನಡ ಇಲ್ಲ, ನನಗೆ ಇಂಗ್ಲಿಷ್ ಇಲ್ಲ. ಅವನು ಬೆರಳು ತೋರಿಸಿ ಲೆಕ್ಕ ಕಲಿಸಿದ. ಚೆಂಡು ನಡುವಿನ ಕಂಬಗಳ ಮಧ್ಯೆ ಹೋದರೆ ಆರು. ಬದಿಯ ಸಂದಿಯಲ್ಲಿ ಹೋದರೆ ಒಂದು. ತಪ್ಪಿದರೂ ಒಂದು ಕೊಡುವ ಆಟ ಇದು ಎಂದು ನನಗೆ ಇಷ್ಟವಾಯಿತು. ಕಂಬದ ಹತ್ತಿರ ಬಿಳಿ ಟೊಪ್ಪಿಯವನೊಬ್ಬ ನಿಂತಿರುತ್ತಾನೆ. ಆರು ಬಂದರೆ ಎರಡು ಬಾವುಟ ಬೀಸುತ್ತಾನೆ, ಒಂದು ಬಂದರೆ ಒಂದೇ. ಅವನು ಕೈ ಎತ್ತುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನಲ್ಲ, ಆಗ ಇಡೀ ಮೈದಾನಕ್ಕೆ ಉಸಿರಿಲ್ಲ.

ನಡುನಡುವೆ ಆಟ ನಿಲ್ಲಿಸುತ್ತಾರೆ. ಆಗ ನೋಡುವವರೆಲ್ಲ ಎದ್ದು ಮೈದಾನದ ಒಳಗೇ ಹೋಗಬಹುದು. ಆಡುವವರ ಸುತ್ತ ನಿಂತು, ಕಲಿಸುವವನು ಬೈಯುವುದನ್ನು ಕೇಳಬಹುದು. ಹೆಚ್ಚಿದ ಕಿತ್ತಳೆ ಹಂಚುತ್ತಾರೆ. ನಾನೂ ಹೋಗಿ ನಿಲ್ಲುತ್ತಿದ್ದೆ. ಬೆವರು, ನೋವಿನ ಎಣ್ಣೆ, ಕಿತ್ತಳೆ, ಆ ಹುಲ್ಲಿನ ನಾತ, ಎಲ್ಲ ಒಟ್ಟಿಗೆ. ಕ್ರಮೇಣ ನಾನು ನೀರುಳ್ಳಿ ಬಜೆ ಕರಿದು ಡಬ್ಬಿಯಲ್ಲಿ ತರತೊಡಗಿದೆ. ಆ ಹೆಂಗಸರು ಕಣ್ಣಲ್ಲಿ ನೀರು ಸುರಿಸಿಕೊಂಡು ತಿನ್ನುತ್ತಿದ್ದರು.

"ಖಾರ ಕಮ್ಮಿ ಮಾಡ್ ಅಮ್ಮ, ಅವ್ರ್ ಸಾಯ್ತ್ರ್."

"ಬಿದ್ದ್ ಎದ್ದ್ ಆಡುವವ್ರಿಗೆ ಖಾರ ಎಂತ ಮಾಡುತ್ತ್? ತಿನ್ಲಿ."

ಒಂದು ದಿನ ಸುಜಾತಳನ್ನು ಇಬ್ಬರು ಹಿಡಿದಿದ್ದರು. ಅವಳು ಅವರಿಬ್ಬರನ್ನೂ ಎಳೆದುಕೊಂಡೇ ಕಂಬದ ಕಡೆ ಹೋಗುತ್ತಿದ್ದಳು. ನನ್ನ ಬಾಯಿಂದ ತಾನಾಗಿ ಬಂತು, ದೋಣಿ ಎಳೆಯುವಾಗ ನಮ್ಮವರು ಹಾಕುವ ಕೂಗು, "ಐಲೇಸಾ!" ಮುದುಕ ತಿರುಗಿ ನೋಡಿದ. ನನಗೆ ನಾಚಿಕೆಯಾಯಿತು. ಅವನು ಟೊಪ್ಪಿ ತೆಗೆದು ಬೀಸುತ್ತ, "ಐಲೇಸಾ!" ಎಂದ. ಮುಂದಿನ ವಾರಕ್ಕೆ ಗೆರೆಯ ಉದ್ದಕ್ಕೂ ನಿಂತ ಬಿಳಿಯರೆಲ್ಲ ಐಲೇಸಾ ಎನ್ನುತ್ತಿದ್ದರು.

ಹೀಗೆ ಚಳಿ ಕಳೆಯಿತು. ತಮ್ಮನ ಹತ್ತಿರ ಭಜನೆಯೇ ನಡೆಯುತ್ತಿತ್ತು.

ಮಾರ್ಚಿನಲ್ಲಿ, ಬಿಸಿಲು ಏರುವ ಮೊದಲು, ಫೈನಲ್ ಬಂತು. ತಂಡ ಸುರುವಾದ ವರ್ಷದಿಂದ ಆಡಿದ್ದರೂ ಸುಜಾತ ಒಂದು ಸಲವೂ ಫೈನಲ್ ಕಂಡಿರಲಿಲ್ಲ. ಅದೇ ಅವಳ ಕೊನೆಯ ಆಟ ಕೂಡ, ಅಬುಧಾಬಿಗೆ ವರ್ಗವಾಗಿತ್ತು. ಆ ಮೈದಾನಕ್ಕೂ ಅದೇ ಕೊನೆ. ಜಾಗವನ್ನು ಗೋದಾಮಿನವರಿಗೆ ಕೊಟ್ಟಾಗಿತ್ತು, ಆಟ ಮುಗಿದ ಮರುದಿನವೇ ಕಂಬ ಕಿತ್ತು ಖಾಲಿ ಮಾಡಿ ಎಂದಿದ್ದರು. ಸುಜಾತ ರಾತ್ರಿ ಊಟದ ಬಟ್ಟಲಿನಲ್ಲಿ ಅನ್ನದ ಅಗುಳು ಜೋಡಿಸಿ, ಯಾರು ಎಲ್ಲಿ ನಿಲ್ಲಬೇಕು ಎಂದು ನೋಡುತ್ತಿದ್ದಳು.

"ಮೊದ್ಲ್ ಉಣ್ಣ್."

"ಇದೊಂದ್ ಗೆಲ್ಕ್ ಅಮ್ಮ. ಮತ್ತೆ ಎಂತದೂ ಬ್ಯಾಡ ನಂಗ್."

ಅವಳ ಬಾಯಲ್ಲಿ ಆ ಥರದ ಮಾತು ನಾನು ಕೇಳಿರಲಿಲ್ಲ. ಮದುವೆಗೂ ಹಾಗೆ ಆಸೆಪಟ್ಟವಳಲ್ಲ.

ಅದೇ ವಾರ ಟ್ರೇಸಿ ನಮ್ಮ ಮನೆಗೆ ಬಂದಳು, ಕೈ ತುಂಬ ನೀಲಿ ಬಿಳಿ ಕಾಗದದ ಸುರುಳಿ, ಟೇಪು, ಎರಡು ಉದ್ದದ ಕೋಲು. ಸುಜಾತಳಿಗಾಗಿ ಬ್ಯಾನರ್ ಮಾಡುವುದಂತೆ. ಕಟ್ಟಡದ ತಾರಸಿಯಲ್ಲಿ ಹಾಸಿ, ಅವರಿಬ್ಬರೂ ಮೊಣಕಾಲೂರಿ ಅಂಟಿಸಿದರು. ವಾಚ್‌ಮನ್ ಬಂದು, "ಯೇ ಕ್ಯಾ ಹೈ ಅಮ್ಮಾ, ಶಾದಿ ಹೈ?" ಎಂದ. "ಹಾಂ, ಶಾದಿ" ಎಂದೆ. ನನ್ನ ತಲೆಯಲ್ಲಿ ಇದ್ದದ್ದೂ ಅಂಥದೇ. ಮದುವೆ ಮನೆಯ ಬಾಗಿಲಿಗೆ ಕಟ್ಟುವ ಹಾಗೆ ಇದನ್ನೂ ಕಟ್ಟುತ್ತಾರೆ, ಆಟ ಮುಗಿಯುವವರೆಗೆ ಎಲ್ಲರೂ ನೋಡುತ್ತಾರೆ ಎಂದುಕೊಂಡಿದ್ದೆ. ಇಬ್ಬರಲ್ಲಿ ಒಬ್ಬಳೂ ನನಗೆ ಹಾಗಲ್ಲ ಹೀಗೆ ಎಂದು ಹೇಳಲಿಲ್ಲ. ಅವರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ.

ಟ್ರೇಸಿ ನನ್ನ ಕೈಗೆ ಕುಂಚ ಕೊಟ್ಟು ಏನೋ ಅಂದಳು.

"ನನ್ ಹೆಸ್ರ್ ಕನ್ನಡದಲ್ ನೀನೇ ಬರೀಕ್ ಅಂಬ್ರ್" ಎಂದಳು ಸುಜಾತ.

ನಾನು ಅಕ್ಷರ ಬರೆದು ಎಷ್ಟು ಕಾಲವಾಗಿತ್ತೋ. ಒಂದೊಂದು ಅಕ್ಷರ ನನ್ನಷ್ಟೇ ಎತ್ತರ. ಸು. ಜಾ. ತ. ಸೊಂಟ ಹಿಡಿಯುವವರೆಗೆ ಬಗ್ಗಿ ಬರೆದೆ. ಚೆನ್ನಾಗಿಯೇ ಬಂತು.

ಗುರುವಾರ ಸುಜಾತ ಕೆಲಸಕ್ಕೆ ಹೋಗಿದ್ದಳು. ಬ್ಯಾನರನ್ನು ಕೋಲಿಗೆ ಸುತ್ತಿ ಗೋಡೆಗೆ ಒರಗಿಸಿದ್ದರು. ನನ್ನ ಅಕ್ಷರ ಇನ್ನೊಮ್ಮೆ ನೋಡುವ ಆಸೆಯಾಗಿ, ತಾರಸಿಗೆ ಹೊತ್ತುಕೊಂಡು ಹೋಗಿ ಬಿಚ್ಚಿದೆ. ಆಗ ಕಂಡಿತು. ಹಿಂದೆ ಎಲ್ಲ ಕಡೆ ಟೇಪಿನ ಕಟ್ಟು ಇದೆ, ನಟ್ಟ ನಡುವೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ಇಲ್ಲ. ಬರೀ ಕಾಗದದ ಮೇಲೆ ಕಾಗದ. ಬೆರಳು ಇಟ್ಟರೆ ಸೀಳುವಂತಿತ್ತು. ಆ ಸೀಳು ಸರಿಯಾಗಿ 'ಜಾ' ಅಕ್ಷರವನ್ನು ಎರಡು ಪಾಲು ಮಾಡಿತ್ತು. ಎಂಥ ಅಜಾಗರೂಕ ಹೆಂಗಸರಿವರು ಎಂದುಕೊಂಡೆ. ನಾಳೆ ಗಾಳಿ ಬೀಸಿದರೆ ಮಗಳ ಹೆಸರು ಎಲ್ಲರ ಎದುರಿಗೆ ನಡುವಿನಲ್ಲಿ ಹರಿಯುತ್ತದೆ. ಎಂಥ ಅಪಶಕುನ.

ಊರಿನಿಂದ ತಂದ ನೈಲಾನ್ ದಾರದ ಉಂಡೆ ಇತ್ತು. ಬಟ್ಟೆ ಒಣಗಿಸಲು ತಂದದ್ದು. ಬಲೆ ಕಟ್ಟುವ ದಾರವೇ ಅದು. ಈ ಕೋಲಿನಿಂದ ಆ ಕೋಲಿಗೆ ಅಡ್ಡ ಎಳೆ ಕಟ್ಟಿದೆ. ನಡುವಿನ ಸೀಳಿನ ಉದ್ದಕ್ಕೂ ಬಲೆಯ ಕಣ್ಣು ಹಾಕಿದ ಹಾಗೆ ಗಂಟು ಹಾಕಿದೆ. ಕಾಣಬಾರದು ಎಂದು ಮೇಲೆ ಅದೇ ಬಣ್ಣದ ಕಾಗದ ಅಂಟಿಸಿದೆ. ಸಂಜೆಯಾಯಿತು. ಮಾಡಿದ ಕೆಲಸ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಸುಜಾತಳಿಗೂ ಹೇಳಲಿಲ್ಲ. ಸುತ್ತಿ ಮೊದಲಿದ್ದಲ್ಲೇ ಇಟ್ಟೆ.

ಶುಕ್ರವಾರ ಗಾಳಿ ಇತ್ತು. ಬ್ಯಾನರ್ ಎತ್ತಿ ಹಿಡಿದವರು ಇಬ್ಬರು ದಾಂಡಿಗರು. ಕೋಲು ಬಾಗುತ್ತಿತ್ತು, ಕಾಗದ ಪಟಪಟ ಎನ್ನುತ್ತಿತ್ತು, ಹೆಸರು ಮಾತ್ರ ಅಲುಗಲಿಲ್ಲ. ಮುದುಕ ಅದನ್ನು ತೋರಿಸಿ, ನನ್ನನ್ನು ತೋರಿಸಿ, ಹೆಬ್ಬೆರಳು ಎತ್ತಿದ. ನಾನು ನೆಟ್ಟಗೆ ಕೂತೆ.

ತಂಡ ಬ್ಯಾನರಿನ ಆಚೆ ಬದಿಯಲ್ಲಿ ಸೇರಿತು. ಜನ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಮುಂದೆ ಸುಜಾತ. ಅವಳು ಓಡಿ ಬಂದಳು. ಪಕ್ಕಕ್ಕೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ತಲೆ ತಗ್ಗಿಸಿ, ಕೈ ಚಾಚಿ, ಇದ್ದ ಬಲವನ್ನೆಲ್ಲ ಹಾಕಿ ತನ್ನ ಹೆಸರಿನ ನಡುವಿಗೇ ಬಂದು ಬಿದ್ದಳು.

ಅದು ಹರಿಯುವುದಕ್ಕೇ ಮಾಡಿದ ಕಾಗದ. ಕೊನೆಯ ಆಟ ಆಡುವವಳು ಅದನ್ನು ಎದೆಯಿಂದ ಸೀಳಿ ಮೈದಾನಕ್ಕೆ ಬರಬೇಕು, ಹಿಂದೆ ತಂಡ ಬರಬೇಕು. ಅದು ಅವರ ಪದ್ಧತಿ. ಅದಕ್ಕೇ ನಡುವೆ ಸೀಳು ಬಿಟ್ಟದ್ದು.

ಹರಿಯಲಿಲ್ಲ. ದಾರ ಅವಳ ಎದೆಗೂ ಕುತ್ತಿಗೆಗೂ ಸಿಕ್ಕಿ ಹಿಂದಕ್ಕೆ ಎಸೆಯಿತು. ದಾಂಡಿಗರ ಕೈಯಿಂದ ಕೋಲು ಕಳಚಿ ಒಳಕ್ಕೆ ಬಿತ್ತು. ಹಿಂದೆ ಓಡಿ ಬರುತ್ತಿದ್ದವರು ಅವಳ ಮೇಲೆ ಬಿದ್ದರು. ಜನ ನಕ್ಕರು. ಮೊದಲು ಎಲ್ಲರೂ ನಕ್ಕರು.

ನಾನು ಏನು ಮಾಡಿದೆ ಎಂದು ಹೇಳಬೇಕಲ್ಲ. ನಾನು ಕಾಗದ ನೋಡಿದೆ. ಇಷ್ಟು ಜನ ಬಿದ್ದರೂ ನನ್ನ ಗಂಟು ಒಂದೂ ಬಿಟ್ಟಿರಲಿಲ್ಲ. ಅದನ್ನು ಕಂಡು ನನಗೆ ಹೆಮ್ಮೆಯಾಯಿತು. ಮಗಳು ನೆಲದಲ್ಲಿದ್ದಳು, ಅಡಿಯಲ್ಲಿ. ಆಮೇಲೆ ಎದ್ದು ಓಡಿದೆ. ಓಡಿ ಹೋಗಿ ಅವಳನ್ನು ಎತ್ತಿದೆನೋ? ಇಲ್ಲ. ಇಡೀ ಮೈದಾನಕ್ಕೆ ಕೇಳುವ ಹಾಗೆ ಬೈದೆ.

"ಕಣ್ಣ್ ಕಾಂತಿಲ್ಯಾ ನಿಂಗ್? ಹರ್ದ್ ಹೋತಿತ್ತಲ್ಲೆ!"

ಅವಳು ಮಲಗಿದಲ್ಲಿಂದಲೇ ನನ್ನನ್ನು ನೋಡಿದಳು. ಮುಖ ಬೂದಿಯಾಗಿತ್ತು. ಎಡಗೈ ಎತ್ತಲು ಆಗುತ್ತಿರಲಿಲ್ಲ.

"ಹರುಕೇ ಮಾಡುದ್ ಅಮ್ಮ ಅದನ್ನ" ಎಂದಳು ಮೆಲ್ಲಗೆ.

ಕೊರಳಿನ ಕೆಳಗಿನ ಎಲುಬು ಮುರಿದಿತ್ತು. ತಂಡದ ಜೊತೆಗೆ ಬಂದ ನರ್ಸ್ ಮುಟ್ಟಿ ನೋಡಿ ತಲೆಯಾಡಿಸಿದಳು. ಆಸ್ಪತ್ರೆಗೆ ಹೋಗುವ ಎಂದರೆ ಸುಜಾತ ಒಪ್ಪಲಿಲ್ಲ, ಆಟ ಮುಗಿಯಲಿ ಎಂದಳು. ಟ್ರೇಸಿ ಕಾಗದ ಮಗುಚಿದಳು. ಬೆರಳಿಗೆ ದಾರ ಸಿಕ್ಕಿತು. ಎಳೆದಳು, ಬರಲಿಲ್ಲ. ಎಲ್ಲರೂ ಸುತ್ತ ಸೇರಿದರು. ಇದು ಯಾರು ಮಾಡಿದ್ದು ಎಂದು ಕೇಳುತ್ತಿದ್ದಾರೆ ಎಂಬುದು ಇಂಗ್ಲಿಷ್ ಬಾರದ ನನಗೂ ತಿಳಿಯಿತು.

"ಮೈ ಫಾಲ್ಟ್" ಎಂದಳು ಸುಜಾತ. ಆ ಎರಡು ಮಾತು ನನಗೆ ಗೊತ್ತು. ಆಮೇಲೆ ಇನ್ನೂ ಏನೋ ಹೇಳಿದಳು. ಗಾಳಿ ಕಡೆಗೆ ಕೈ ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು.

ಮುಖದ ತುಂಬ ಚುಕ್ಕೆ ಇದ್ದ ಒಬ್ಬ ಹುಡುಗಿ, ನನ್ನ ಬಜೆಯನ್ನು ಎಲ್ಲರಿಗಿಂತ ಹೆಚ್ಚು ತಿಂದವಳು, ನೀರಿನ ಬಾಟಲಿ ನೆಲಕ್ಕೆ ಬಡಿದು, "ಸ್ಟುಪಿಡ್" ಎಂದಳು. ಅದೂ ನನಗೆ ಗೊತ್ತಿದ್ದ ಮಾತು. ಹೇಳಿದ್ದು ನನ್ನ ಮಗಳಿಗೆ. ನಾನು ಅಲ್ಲೇ ನಿಂತಿದ್ದೆ. ನನ್ನ ಕಾಲಿನ ಉಗುರು ನೋಡುತ್ತ ನಿಂತಿದ್ದೆ.

ಆಟ ನಡೆಯಿತು. ಸುಜಾತ ಯಾರದೋ ಅಂಗಿಯಿಂದ ಕೈ ಕಟ್ಟಿಸಿಕೊಂಡು ಗೆರೆಯ ಬದಿಯಲ್ಲಿ ಕೂತಳು. ಅವಳು ನಿಲ್ಲಬೇಕಾದ ಜಾಗದಲ್ಲಿ ಹೊಸಬಳೊಬ್ಬಳು ನಿಂತಿದ್ದಳು, ಅವಳ ಕೈಯಿಂದ ಚೆಂಡು ಜಾರುತ್ತಿತ್ತು. ಪ್ರತಿ ಸಲ ಜಾರಿದಾಗಲೂ ಸುಜಾತಳ ಸರಿಯಿದ್ದ ಕೈ ಮುಷ್ಟಿಯಾಗುತ್ತಿತ್ತು. ಯಾರೂ ಐಲೇಸಾ ಎನ್ನಲಿಲ್ಲ. ಮುದುಕ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ, ಟೊಪ್ಪಿ ತೊಡೆಯ ಮೇಲೆ ಇಟ್ಟುಕೊಂಡಿದ್ದ, ನನ್ನ ಕಡೆ ನೋಡಲಿಲ್ಲ. ಕೊನೆಗೆ ಒಂದು ಆರರಷ್ಟೂ ಅಂತರವಿಲ್ಲದೆ ಸೋತರು. ನಮ್ಮವರ ಕೊನೆಯ ಒದೆತಕ್ಕೆ ಬಿಳಿ ಟೊಪ್ಪಿಯವನು ಒಂದೇ ಬಾವುಟ ಬೀಸಿದ, ಹಾರನ್ ಆಯಿತು, ಖಲಾಸ್.

ಆಸ್ಪತ್ರೆಯಿಂದ ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಕೇಳಿದೆ.

"ಎಂತಕೆ ಹಾಂಗ್ ಹೇಳ್ದೆ? ಎಂತ ಹೇಳ್ದೆ ಅವ್ರ್ ಹತ್ರ?"

"ಗಾಳಿ ಇತ್ತಲೆ, ಗಟ್ಟಿ ಆಗ್ಲಿ ಅಂದ್ ನಾನೇ ಕಟ್ಟಿದ್ದ್ ಅಂದೆ."

"ಸುಳ್ಳ್ ಎಂತಕೆ ಹೆಣೆ?"

"ನಿಂಗ್ ಇಂಗ್ಲಿಷ್ ಬತ್ತಿಲ್ಲೆ. ಅವ್ರೆಲ್ಲ ನಿನ್ನ ಸುತ್ತ ನಿಂತ್ ಕೇಂಡಿದ್ರೆ ಎಂತ ಹೇಳ್ತಿದ್ದೆ ನೀನ್?"

ಅವಳು ಕಿಟಕಿಗೆ ತಲೆ ಒರಗಿಸಿ, "ಬಿಡ್ ಅಮ್ಮ, ಹ್ಯಾಂಗೂ ನಾನ್ ಅಬುಧಾಬಿಗ್ ಹೋಪವ್ಳ್" ಎಂದಳು. ಹೋಗುವವಳೇ. ಹೋದ ಮೇಲೆ ಆ ಹೆಂಗಸರು ಎಲ್ಲಿ ಸೇರಿದರೂ ಏನು ಹೇಳುತ್ತಾರೆ? ತನ್ನ ಬ್ಯಾನರನ್ನು ತಾನೇ ಹೊಲಿದು ಫೈನಲ್ ಕಳೆದ ಪೆದ್ದಿ ಎನ್ನುತ್ತಾರೆ. ಅಷ್ಟು ವರ್ಷ ಬಿದ್ದು ಎದ್ದು ಆಡಿದ್ದಕ್ಕೆ ಉಳಿಯುವ ಹೆಸರು ಅದು. ಅವಳ ಚಡ್ಡಿಯನ್ನು ನೆನೆದು ತಿಂಗಳುಗಟ್ಟಲೆ ಊರಿಗೆ ಭಜನೆ ಎಂದವಳು ನಾನು. ಅವಳು ನನ್ನನ್ನು ಎಲ್ಲರ ಎದುರು ಮರೆ ಮಾಡಿದಳು. ನಾನು ಮರೆಯಲ್ಲಿ ನಿಂತೆ. ಬೈದದ್ದಕ್ಕಿಂತ, ಹೊಲಿದದ್ದಕ್ಕಿಂತ, ಇವತ್ತಿಗೂ ಮುಖ ಸುಡುವುದು ಅದಕ್ಕೆ.

ಮರುದಿನ ಬೆಳಿಗ್ಗೆ ಅವಳು ಮಾತ್ರೆಯ ಅಮಲಿನಲ್ಲಿ ಮಲಗಿದ್ದಳು. ಗಂಜಿ ಮಾಡಿಟ್ಟು, ದಾರದ ಉಂಡೆ ಚೀಲಕ್ಕೆ ಹಾಕಿಕೊಂಡು ಕೆಳಗೆ ಇಳಿದೆ. ದುಬೈಯಲ್ಲಿ ಒಬ್ಬಳೇ ರಸ್ತೆ ದಾಟಿದ್ದೂ ಅದೇ ಮೊದಲು. ಟ್ಯಾಕ್ಸಿಯವನು ಪಠಾಣ.

"ಅಲ್ ಕೂಜ್" ಎಂದೆ.

"ಅಮ್ಮಾಜೀ, ಅಲ್ ಕೂಜ್ ಬಹುತ್ ಬಡಾ ಹೈ. ಕಿದರ್?"

"ಗೋದಾಮ್. ಮೈದಾನ್. ಘಾಸ್."

"ಅಲ್ ಕೂಜ್ ಮೇ ಘಾಸ್?" ಅವನು ನಕ್ಕ. ಮೂರು ಸುತ್ತು ಹಾಕಿಸಿದ ಮೇಲೆ ನನಗೆ ನಾತ ಸಿಕ್ಕಿತು. ಅಲ್ಲೇ ನಿಲ್ಲಿಸು ಎಂದೆ.

ಅವರು ಕಂಬ ಕೀಳುತ್ತಿದ್ದರು. ಟ್ರೇಸಿ ಇದ್ದಳು, ಚುಕ್ಕೆ ಮುಖದವಳು ಇದ್ದಳು, ಮುದುಕ ಕುರ್ಚಿಗಳನ್ನು ಮಡಚುತ್ತಿದ್ದ. ಬ್ಯಾನರ್ ಕಸದ ರಾಶಿಯ ಮೇಲೆ ಇತ್ತು. ಅದನ್ನು ಎಳೆದು ತಂದು ಟ್ರೇಸಿಯ ಎದುರಿಗೆ ಮಗುಚಿ ಹಾಕಿದೆ. ಅವಳು "ಅಮ್ಮಾ, ನೋ, ನೋ" ಎನ್ನುತ್ತ ನನ್ನ ಹೆಗಲು ಹಿಡಿಯಲು ಬಂದಳು. ಕೈ ತಳ್ಳಿದೆ.

"ಸುಜಾತ ನೋ" ಎಂದೆ. ಎದೆ ಬಡಿದುಕೊಂಡೆ. "ಮೈ ಫಾಲ್ಟ್."

ಅವಳು ತಲೆಯಾಡಿಸಿದಳು, ಆದರೆ ನಂಬಿದ ಕಣ್ಣಲ್ಲ ಅದು. ಮಗಳಿಗಾಗಿ ತಾಯಿ ಹೇಳುವ ಮಾತು ಎಂದುಕೊಂಡಿರಬೇಕು.

ನಾನು ಆ ಹುಲ್ಲಿನ ಮೇಲೆ ಕಾಲು ಚಾಚಿ ಕೂತೆ. ಚಪ್ಪಲಿ ಬಿಚ್ಚಿ, ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದೆ. ನಮ್ಮ ಜಗಲಿಯಲ್ಲಿ ಕೂರುವುದು ಹಾಗೆಯೇ. ಈ ಗಂಟು ಸುಜಾತ ಕಲಿತವಳಲ್ಲ. ಒಂದು ಗಂಟು ಹಾಕಿ, ಕಾಗದದ ಬೆನ್ನಿನ ಗಂಟಿನ ಪಕ್ಕಕ್ಕೆ ಹಿಡಿದು ತೋರಿಸಿದೆ. ಟ್ರೇಸಿ ಬಗ್ಗಿ ನೋಡಿದಳು. ಇನ್ನೊಂದು ಹಾಕಿದೆ. ಕಂಬ ಕೀಳುತ್ತಿದ್ದವರು ಕೆಲಸ ನಿಲ್ಲಿಸಿದರು. ಚುಕ್ಕೆ ಮುಖದವಳು ಮಾತ್ರ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ಅವಳೂ ಬಂದು ಎದುರಿಗೆ ನಿಲ್ಲುವವರೆಗೆ ಗಂಟು ಹಾಕುತ್ತಲೇ ಇದ್ದೆ.